ಅಲ್ಟ್ರಾಸೋನಿಕ್ ಸ್ಕೇಲಿಂಗ್: ನಮ್ಮ ಬಡಾವಣೆಯ ದಂತ ಚಿಕಿತ್ಸಾಲಯದ ಸೇವೆ

ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ ಹಳದಿ ಗಾರೆಯಂತೆ ಕಚ್ಚಿಕೊಂಡಿದ್ದ ಕಿಟ್ಟವನ್ನು ಇಲ್ಲಿ ಅಲ್ಟ್ರಾಸೋನಿಕ್ ಸ್ಕೇಲಿಂಗ್‌ನಿಂದ, ಅಂದರೆ ಅತಿವೇಗದ ಕಂಪನದಿಂದ ಹಲ್ಲು ಶುಚಿಗೊಳಿಸುವ ವಿಧಾನದಿಂದ, ತೆಗೆಸಿದೆ. ವೈದ್ಯೆಯು ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಕನ್ನಡಿಯಲ್ಲಿ ಆ ಜಾಗವನ್ನು ತೋರಿಸಿ, ನಾಲಿಗೆಯಡಿಯ ಜೊಲ್ಲುಗ್ರಂಥಿಗಳ ನಾಳಗಳು ಅದರ ಸಮೀಪವೇ ತೆರೆದುಕೊಳ್ಳುವುದರಿಂದ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮೆತ್ತನೆಯ ಪಾಚಿಯನ್ನು ಅಲ್ಲಿ ಬೇಗ ಗಟ್ಟಿಯಾಗಿಸುತ್ತವೆ ಎಂದು ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಸ್ಕೇಲರ್‌ನ ಕಂಪಿಸುವ ತುದಿ ನೀರು ಚಿಮ್ಮಿಸುತ್ತ ಕಿಟ್ಟವನ್ನು ಚೂರುಚೂರಾಗಿ ಕಳಚುತ್ತದೆ. ಒಸಡಿನ ಅಂಚಿನಲ್ಲಿ ಚುಳ್ಳೆಂದಿತಾದರೂ ಅರಿವಳಿಕೆ ಬೇಕಾಗಲಿಲ್ಲ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಹಳೆಯದು. ಒಸಡಿನ ರೋಗದಿಂದ ಆಗಲೇ ಆಸರೆ ಕಳೆದುಕೊಂಡ ಹಲ್ಲಿನ ಸಡಿಲತೆ ಕಿಟ್ಟ ಹೋದಾಗ ಗಮನಕ್ಕೆ ಬರುತ್ತದೆ, ಅಷ್ಟೆ.

ಪಾಲಿಶಿಂಗ್‌ಗೆ ಪ್ರತ್ಯೇಕ ಶುಲ್ಕವಿದೆ ಎಂಬುದು ಬಿಲ್ ಕೈಗೆ ಬಂದ ಮೇಲೆಯೇ ತಿಳಿಯಿತು. ಅದು ಸರಿಯಲ್ಲ. ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನಬಹುದೆಂದೂ ಮೊದಲೇ ಹೇಳಬೇಕಿತ್ತು. ಆದರೆ ಜಿಂಕ್ ಸಿಟ್ರೇಟ್ ಅಥವಾ ಪೈರೋಫಾಸ್ಫೇಟ್ ಇರುವ ಪೇಸ್ಟ್ ಹೊಸ ಕಿಟ್ಟ ಕಟ್ಟುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಗಟ್ಟಿಯಾದದ್ದನ್ನು ತೆಗೆಯದು ಎಂದು ನೇರವಾಗಿ ತಿಳಿಸಿ, ಯಾವುದನ್ನೂ ಮಾರಲು ಯತ್ನಿಸದೆ, ಹಲ್ಲಿನ ಸಂದುಗಳಿಗೆ ಸಣ್ಣ ಬ್ರಷ್ ಬಳಸುವ ಕ್ರಮವನ್ನು ತಾಳ್ಮೆಯಿಂದ ಕಲಿಸಿದರು.