ಗ್ಯಾರೇಜಿನ ಮೇಲಿನ ಕೋಣೆಗೆ ಬಿಸಿನೀರಿನ ಶಾಖ: ಒಂದು ಕೆಟ್ಟ ಕೆಲಸ, ಒಂದು ಒಳ್ಳೆಯ ಕೆಲಸ

ಬಾಸ್ಟನ್ನಿನ ಪಶ್ಚಿಮಕ್ಕಿರುವ ಫ್ರೇಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಮನೆ. ಈ ಭಾಗದ ಅನೇಕ ಹಳೆಯ ಮನೆಗಳಂತೆ ಇಲ್ಲಿಯೂ ನೆಲಮಾಳಿಗೆಯ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪು ಅದನ್ನು ಕೋಣೆಯಿಂದ ಕೋಣೆಗೆ ಹರಿಸುತ್ತದೆ, ಗೋಡೆಯ ಬುಡದಲ್ಲಿರುವ ಬೇಸ್‌ಬೋರ್ಡ್‌ಗಳು ಕೋಣೆಯನ್ನು ಬೆಚ್ಚಗಿಡುತ್ತವೆ. ಬೇಸ್‌ಬೋರ್ಡ್ ಎಂದರೆ ಮುಕ್ಕಾಲು ಇಂಚಿನ ತಾಮ್ರದ ಕೊಳವೆ, ಅದಕ್ಕೆ ಒತ್ತೊತ್ತಾಗಿ ಪೋಣಿಸಿದ ಅಲ್ಯುಮಿನಿಯಂ ರೆಕ್ಕೆಗಳು, ಮೇಲೊಂದು ತಗಡಿನ ಹೊದಿಕೆ. ಗ್ಯಾರೇಜಿನ ಮೇಲಿನ ಕೋಣೆಯೊಂದಕ್ಕೆ ಮಾತ್ರ ಈ ವ್ಯವಸ್ಥೆ ಇರಲಿಲ್ಲ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಆ ಕೋಣೆಯ ಮೂರು ಗೋಡೆಗಳು ಹೊರಗಿನ ಚಳಿಗೆ ಒಡ್ಡಿಕೊಂಡಿವೆ, ನೆಲದ ಕೆಳಗೂ ತಣ್ಣನೆಯ ಗ್ಯಾರೇಜೇ ಇದೆ.

2022ರ ನವೆಂಬರಿನಲ್ಲಿ ಬಾಣಂತನಕ್ಕೆಂದು ಅಮ್ಮ ತೀರ್ಥಹಳ್ಳಿಯಿಂದ ಬರುವವರಿದ್ದುದರಿಂದ ಆ ಕೋಣೆಯನ್ನು ಅವರಿಗಾಗಿ ಅಣಿಮಾಡಬೇಕಾಯಿತು. ಮೊದಲು ಕರೆಸಿದ ಗುತ್ತಿಗೆದಾರರು ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದರು. ಮಹಡಿಯ ಕೋಣೆಗಳನ್ನು ಸುತ್ತಿ ಬಾಯ್ಲರಿಗೆ ಮರಳುವ ಕೊಳವೆಯನ್ನು ಕೊನೆಯಲ್ಲಿ ಕತ್ತರಿಸಿ, ಗ್ಯಾರೇಜಿನ ಚಾವಣಿಯ ಮೂಲಕ ತಾಮ್ರದ ಕೊಳವೆ ಎಳೆದು, ಆರು ಅಡಿಯ ಬೇಸ್‌ಬೋರ್ಡ್ ಕೂರಿಸಿ ಹೋದರು. ಅಳತೆ ತೆಗೆಯಲಿಲ್ಲ, ಲೆಕ್ಕ ಹಾಕಲಿಲ್ಲ. ಅಮ್ಮ ಆ ಚಳಿಗಾಲವನ್ನು ಕುಲಾವಿ ಹಾಕಿಕೊಂಡು, ಎರಡು ಕಂಬಳಿ ಹೊದ್ದು ಕಳೆದರು.

ಕೋಣೆ ಏಕೆ ಬಿಸಿಯಾಗಲಿಲ್ಲವೆಂಬುದು ನನಗೆ ಆಗ ಅರ್ಥವಾಗಿರಲಿಲ್ಲ. ಮಹಡಿಯ ಥರ್ಮೋಸ್ಟಾಟ್ ಇರುವುದು ಮನೆಯ ನಡುವಿನ ಹಜಾರದಲ್ಲಿ. ಅಲ್ಲಿ ಗಾಳಿ ಬೆಚ್ಚಗಾದ ಕೂಡಲೇ ಅದು ಪಂಪನ್ನು ನಿಲ್ಲಿಸುತ್ತದೆ. ಹಜಾರಕ್ಕಿಂತ ಎಷ್ಟೋ ಬೇಗ ಶಾಖ ಕಳೆದುಕೊಳ್ಳುವ ಮೂಲೆಯ ಕೋಣೆಯ ಸ್ಥಿತಿ ಅದಕ್ಕೆ ತಿಳಿಯುವುದೇ ಇಲ್ಲ. ಅದರ ಮೇಲೆ, ಎಲ್ಲ ಕೋಣೆಗಳನ್ನು ದಾಟಿ ಕೊನೆಗೆ ಅಲ್ಲಿಗೆ ಬರುವ ನೀರು ಅಷ್ಟರಲ್ಲಿ ಸಾಕಷ್ಟು ಆರಿರುತ್ತದೆ. ಬೇಸ್‌ಬೋರ್ಡಿನ ಉದ್ದವೂ ಬೇಕಾದುದರಲ್ಲಿ ಅರ್ಧ ಮಾತ್ರವಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. 2023ರ ಫೆಬ್ರುವರಿ 4ರ ಬೆಳಗಿನ ಜಾವ ಬಾಸ್ಟನ್ನಿನ ತಾಪಮಾನ ಸೊನ್ನೆಗಿಂತ 10 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ಮೈನಸ್ 23 ಸೆಲ್ಸಿಯಸ್‌ಗೆ ಇಳಿಯಿತು. 1957ರ ನಂತರ ನಗರ ಕಂಡಿದ್ದ ಅತ್ಯಂತ ತಣ್ಣನೆಯ ಗಳಿಗೆ ಅದು. ರಾತ್ರಿ ಮಲಗುವಾಗ ಎಂದಿನಂತೆ ಥರ್ಮೋಸ್ಟಾಟ್ ಇಳಿಸಿದ್ದರಿಂದ ಪಂಪು ಗಂಟೆಗಟ್ಟಲೆ ಸುಮ್ಮನಿತ್ತು, ಗ್ಯಾರೇಜಿನ ಚಾವಣಿಯಲ್ಲಿ ಯಾವ ಹೊದಿಕೆಯೂ ಇಲ್ಲದೆ ಹಾದುಹೋಗಿದ್ದ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿತು. ಇಡೀ ಮಹಡಿಗೆ ಒಂದೇ ಸುತ್ತಿನ ಕೊಳವೆಯಾದ್ದರಿಂದ ಆ ಒಂದು ಜಾಗ ಕಟ್ಟಿಕೊಂಡು ಮಗು ಮಲಗಿದ್ದ ಕೋಣೆಯೂ ಸೇರಿ ಎಲ್ಲವೂ ತಣ್ಣಗಾದವು. ಅಮ್ಮ ಮಗುವನ್ನೆತ್ತಿಕೊಂಡು ಕೆಳಗಿನ ಹಾಲಿಗೆ ಇಳಿದರು. ನಾನು ಏಣಿಯ ಮೇಲೆ ನಿಂತು, ತಲೆಗೂದಲು ಒಣಗಿಸುವ ಯಂತ್ರದಿಂದ ಕೊಳವೆಯನ್ನು ಗೇಣುಗೇಣಾಗಿ ಕಾಯಿಸಿದೆ. ಕೊಳವೆ ಒಡೆಯದೆ ಉಳಿದದ್ದು ನಮ್ಮ ಪುಣ್ಯ.

ಬೇಸಿಗೆಯಲ್ಲಿ ಎರಡನೆಯವರನ್ನು ಕರೆಸಿದೆವು. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅವರ ಕೆಲಸವೇ. ಬಂದವರು ಮೊದಲು ಕೊಳವೆಯ ಮಾತೆತ್ತಲಿಲ್ಲ. ಕಿಟಕಿಗಳನ್ನು ಅಳೆದರು, ಗೋಡೆಯ ದಪ್ಪ ನೋಡಿದರು, ಗ್ಯಾರೇಜಿನ ಚಾವಣಿಯ ಹಲಗೆಯೊಂದನ್ನು ಬಿಚ್ಚಿ, ಉಷ್ಣನಿರೋಧಕ ಹತ್ತಿ ಜೋತುಬಿದ್ದು ನೆಲಕ್ಕೂ ಅದಕ್ಕೂ ನಡುವೆ ಗಾಳಿ ಆಡುತ್ತಿರುವುದನ್ನು ತೋರಿಸಿದರು. ಅದನ್ನು ಸರಿಪಡಿಸದೆ ಬೇಸ್‌ಬೋರ್ಡ್ ಹಾಕುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ಆ ಕೆಲಸ ಮುಗಿದ ಮೇಲೆ, ಕಡುಚಳಿಯ ದಿನ ಕೋಣೆ ಗಂಟೆಗೆ ಸುಮಾರು 6,600 ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖ ಕಳೆದುಕೊಳ್ಳುತ್ತದೆಂದು ಲೆಕ್ಕ ಕೊಟ್ಟರು. 180 ಡಿಗ್ರಿ ಫ್ಯಾರನ್‌ಹೀಟಿನ ನೀರು ಹರಿಯುವಾಗ ಈ ಬಗೆಯ ಬೇಸ್‌ಬೋರ್ಡ್ ಅಡಿಯೊಂದಕ್ಕೆ ಗಂಟೆಗೆ ಸುಮಾರು 580 ಬಿಟಿಯು ಕೊಡುತ್ತದೆ. ಹಾಗಾಗಿ ಹನ್ನೆರಡು ಅಡಿ ಬೇಕು. ಇಷ್ಟು ಸರಳವಾದ ಭಾಗಾಕಾರವನ್ನು ಮೊದಲನೆಯವರು ಏಕೆ ಮಾಡಲಿಲ್ಲವೆಂಬ ಬೇಸರ ನನಗೆ ಇಂದಿಗೂ ಹೋಗಿಲ್ಲ.

ಹಳೆಯ ಜೋಡಣೆಯನ್ನು ತೆಗೆದುಹಾಕಿ, ಕೋಣೆಗೆ ಅದರದೇ ಜೋನ್, ಅಂದರೆ ಬೇರೆ ಕೋಣೆಗಳ ಹಂಗಿಲ್ಲದೆ ಬಿಸಿನೀರು ಹರಿಯುವ ಪ್ರತ್ಯೇಕ ಸುತ್ತು, ಮಾಡಿಕೊಟ್ಟರು. ಬಾಯ್ಲರಿನ ಹತ್ತಿರ ಪ್ರತ್ಯೇಕ ಜೋನ್ ವಾಲ್ವ್, ಕೋಣೆಯೊಳಗೆ ಪ್ರತ್ಯೇಕ ಥರ್ಮೋಸ್ಟಾಟ್. ತಾಮ್ರದ ಬದಲು ಅರ್ಧ ಇಂಚಿನ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆಯನ್ನು ನೆಲದ ಹಲಗೆಗೆ ತಗುಲಿಕೊಂಡಂತೆ, ಉಷ್ಣನಿರೋಧಕದ ಒಳಮಗ್ಗುಲಿನಲ್ಲಿ, ಅಂದರೆ ಬೆಚ್ಚಗಿನ ಕಡೆಯಲ್ಲಿ ಎಳೆದರು. ಪೆಕ್ಸ್ ಕೊಳ್ಳುವಾಗ ಆಮ್ಲಜನಕವನ್ನು ತಡೆಯುವ ಪದರವಿರುವುದನ್ನೇ ಕೇಳಬೇಕು. ಆ ಪದರವಿಲ್ಲದ ಕೊಳವೆಯ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ನೀರಿಗೆ ಸೇರಿ, ಬಾಯ್ಲರಿನ ಎರಕದ ಕಬ್ಬಿಣವನ್ನೂ ಪಂಪಿನ ಮೈಯನ್ನೂ ತುಕ್ಕು ಹಿಡಿಸುತ್ತದೆ.

ಕೊನೆಯ ದಿನದ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಹೊಸ ಕೊಳವೆಯಲ್ಲಿ ಗಾಳಿ ಉಳಿದರೆ ನೀರು ಸುತ್ತುವುದಿಲ್ಲ. ಅದಕ್ಕಾಗಿ ಮರಳುವ ಕೊಳವೆಯ ನಲ್ಲಿಗೆ ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಹೊಸ ನೀರನ್ನು ಒಳಗೆ ಬಿಟ್ಟರು. ಮೊದಲು ಗುಳುಗುಳು ಎಂದು ದೊಡ್ಡ ಗುಳ್ಳೆಗಳು, ಆಮೇಲೆ ಕಬ್ಬಿಣದ ವಾಸನೆಯ ಕಪ್ಪು ನೀರು, ಬಹಳ ಹೊತ್ತಿನ ಮೇಲೆ ಒಂದು ಗುಳ್ಳೆಯೂ ಇಲ್ಲದ ತಿಳಿನೀರು ಬಂದವು. ಅವರು ಆತುರಪಡಲಿಲ್ಲ. ನಿಂತುಹೋಯಿತೆಂದು ನಾನು ಅಂದುಕೊಂಡ ಮೇಲೂ ಐದು ನಿಮಿಷ ಕಾದರು; ಕೊನೆಗೊಂದು ಗುಳ್ಳೆ ಬಂದೇ ಬಂತು.

ಉಷ್ಣನಿರೋಧಕದ ಕೆಲಸವನ್ನು ಬಿಟ್ಟು 3,400 ಡಾಲರ್ ಖರ್ಚಾಯಿತು. ವಿದ್ಯುತ್ ಬೇಸ್‌ಬೋರ್ಡ್ ಇದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಮ್ಯಾಸಚೂಸೆಟ್ಸ್‌ನ ವಿದ್ಯುತ್ ದರದಲ್ಲಿ ಸುಮಾರು ಎರಡು ಕಿಲೋವ್ಯಾಟ್ ಹೊರೆಯನ್ನು ಚಳಿಗಾಲವಿಡೀ ಹೊರುವುದು ನಮಗೆ ಸರಿಯೆನಿಸಲಿಲ್ಲ. ಬೇಸಿಗೆಯಲ್ಲಿ ತಂಪೂ ಬೇಕೆನ್ನುವವರು ಒಂದೇ ಯಂತ್ರದಿಂದ ಶಾಖವನ್ನೂ ತಂಪನ್ನೂ ಕೊಡುವ ಮಿನಿ-ಸ್ಪ್ಲಿಟ್ ಹೀಟ್ ಪಂಪನ್ನು ಪರಿಶೀಲಿಸುವುದು ಒಳ್ಳೆಯದು. ನಮ್ಮ ಬಾಯ್ಲರಿಗೆ ಇನ್ನಷ್ಟು ಹೊರುವ ಶಕ್ತಿ ಇದ್ದುದರಿಂದ ನಾವು ಬಿಸಿನೀರನ್ನೇ ಆರಿಸಿಕೊಂಡೆವು.

ಕೊರತೆಗಳೂ ಇವೆ. ಬಿಸಿನೀರು ಮೊದಲು ನುಗ್ಗುವಾಗ ತಾಮ್ರ ಹಿಗ್ಗಿ ಟಕ್ ಟಕ್ ಎಂಬ ಸದ್ದು ಬರುತ್ತದೆ. ಹೇಳಿಕಳುಹಿಸಿದಾಗ ಅವರೇ ಬಂದು ಆಧಾರದ ಕೊಂಡಿಗಳ ಮೇಲೆ ಪ್ಲಾಸ್ಟಿಕ್ ಜಾರುಪಟ್ಟಿ ಇಟ್ಟ ಮೇಲೆ ಸದ್ದು ಬಹುತೇಕ ಅಡಗಿತು, ಪೂರ್ತಿಯಾಗಿ ಅಲ್ಲ. ಹನ್ನೆರಡು ಅಡಿ ಗೋಡೆಗೆ ಮಂಚವನ್ನಾಗಲಿ ಬೀರುವನ್ನಾಗಲಿ ಒತ್ತಿ ಇಡುವಂತಿಲ್ಲ; ಕೆಳಗಿನಿಂದ ತಣ್ಣನೆಯ ಗಾಳಿ ಒಳಹೋಗಿ ಮೇಲಿನಿಂದ ಬಿಸಿಯಾಗಿ ಬರಲು ದಾರಿ ಬೇಕು. ಅಮ್ಮ ಎರಡನೆಯ ಸಲ ಬಂದಾಗ ಮಗುವಿನ ಒದ್ದೆ ಬಟ್ಟೆಯನ್ನು ಅದರ ಮೇಲೆ ಹರಡಿದ್ದರು, ಅದು ಕೂಡದೆಂದು ವಿವರಿಸಬೇಕಾಯಿತು. ಆದರೆ ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ಅವರು "ಈಗ ಕಾಲಿಗೆ ಚಳಿ ಹತ್ತೋದಿಲ್ಲ ಕಣೋ" ಎಂದ ಆ ಜನವರಿಯ ದಿನ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು, ಕೋಣೆಯ ಥರ್ಮೋಸ್ಟಾಟ್ 70 ಡಿಗ್ರಿ ತೋರಿಸುತ್ತಿತ್ತು.

ಕೆಲಸ ಮುಗಿಸಿ ಹೋಗುವ ಮುನ್ನ ಆ ಎರಡನೆಯ ಗುತ್ತಿಗೆದಾರರು ಹೊಸ ವಾಲ್ವಿಗೆ ದಾರದಲ್ಲಿ ಕಾಗದದ ಚೀಟಿಯೊಂದನ್ನು ಕಟ್ಟಿದ್ದರು: ಜೋನಿನ ಹೆಸರು, ಕೂರಿಸಿದ ದಿನಾಂಕ, ಬಾಯ್ಲರ್ ತಣ್ಣಗಿರುವಾಗ ಮೀಟರಿನಲ್ಲಿ ಒತ್ತಡ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕೆಂಬ ಸೂಚನೆ, ಕಡುಚಳಿಯ ರಾತ್ರಿಗಳಲ್ಲಿ ಥರ್ಮೋಸ್ಟಾಟ್ ಇಳಿಸಬಾರದೆಂಬ ಎಚ್ಚರಿಕೆ. ಪ್ರತಿ ಅಕ್ಟೋಬರಿನಲ್ಲಿ ಬಾಯ್ಲರ್ ಹಚ್ಚುವ ಮುಂಚೆ ಆ ಚೀಟಿಯನ್ನು ಓದಿಯೇ ಮೀಟರ್ ನೋಡುತ್ತೇನೆ.