ಕೆನಡಾಕ್ಕೆ ಹೊರಟ ಉಬ್ಬಸದವರೇ, ಮಳೆಗಾಲದ ಮಾತ್ರೆಯೂ ಲೆಕ್ಕಕ್ಕಿದೆ

ಮಕ್ಕಳು ಕೆನಡಾದಲ್ಲಿದ್ದು, ಅಪ್ಪ-ಅಮ್ಮನನ್ನು ಸೂಪರ್ ವೀಸಾದಲ್ಲಿ ಕರೆಸಿಕೊಳ್ಳುವ ಮನೆಗಳು ಶಿರಸಿ, ಸಿದ್ದಾಪುರ, ಕುಮಟಾ ಕಡೆ ಈಗ ಕಡಿಮೆಯೇನಿಲ್ಲ. ಹೊರಡುವವರಿಗೆ ಉಬ್ಬಸ ಇದ್ದರೆ ಟಿಕೆಟ್ ತೆಗೆಸುವ ಮೊದಲೇ ಇದನ್ನು ಓದಿ. ನಮ್ಮ ಆಯಿಯ (ಅಮ್ಮನ) ಆಸ್ಪತ್ರೆ ಖರ್ಚಿಗೆ ವಿಮೆ ಕಂಪನಿ ಒಂದು ಪೈಸೆಯನ್ನೂ ಕೊಡಲಿಲ್ಲ. ಅವರು ಕೊಟ್ಟ ಕಾರಣ, ಆಷಾಢದ ಮಳೆಯಲ್ಲಿ ಆಯಿ ನುಂಗಿದ ಒಂದಿಷ್ಟು ಮಾತ್ರೆ.

ಸೂಪರ್ ವೀಸಾದಲ್ಲಿ ಹೋದವರು 2022ರಿಂದೀಚೆ ಒಂದೇ ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಆದರೆ ಅಲ್ಲಿನ ಸರ್ಕಾರಿ ಆರೋಗ್ಯ ಕಾರ್ಡು ಅವರಿಗೆ ಸಿಗುವುದಿಲ್ಲ. ಅದಕ್ಕೇ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ಖಾಸಗಿ ವಿಮೆ ಇಲ್ಲದೆ ವೀಸಾನೇ ಇಲ್ಲ. ಕೆನಡಾದಲ್ಲಿರುವ ನನ್ನ ತಮ್ಮ ಒಬ್ಬ ವಿಮೆ ಏಜೆಂಟರನ್ನು ಹಿಡಿದ. ಆಯಿಗೆ ಅಸ್ತಮಾ ಇದೆ ಎಂದು ಮೊದಲೇ ಹೇಳಿದ್ದ. "ಪಂಪ್ (ಇನ್‌ಹೇಲರ್) ತಗೊಳ್ತಾರಲ್ವಾ? ಹಾಗಾದ್ರೆ ಸ್ಟೇಬಲ್. ಕವರ್ ಆಗುತ್ತೆ" ಅಂದರು ಆ ಮನುಷ್ಯ. ಕಳೆದ ಆರು ತಿಂಗಳಲ್ಲಿ ಏನೇನು ಔಷಧ ತಗೊಂಡಿದ್ದಾರೆ ಅಂತ ಕೇಳಲೇ ಇಲ್ಲ. ಅರ್ಜಿಯಲ್ಲಿ ತಾವೇ ಟಿಕ್ ಹಾಕಿ ಕಳಿಸಿದರು.

ನಾವು 'ಈಗ ಆರಾಮಿದ್ದಾರೆ' ಅನ್ನುವ ಅರ್ಥದಲ್ಲಿ ಸ್ಟೇಬಲ್ ಅನ್ನುತ್ತೇವೆ. ಪಾಲಿಸಿಯ ಲೆಕ್ಕ ಬೇರೆ. ವಿಮೆ ಶುರುವಾಗುವ ದಿನದಿಂದ ಇಂತಿಷ್ಟು ದಿನ ಹಿಂದಕ್ಕೆ ಎಣಿಸುತ್ತಾರೆ. ಕೆಲವದರಲ್ಲಿ 90 ದಿನ, ವಯಸ್ಸಾದವರಿಗೆ ಸಾಮಾನ್ಯವಾಗಿ 180. ಆ ಅವಧಿಯಲ್ಲಿ ಹೊಸ ಔಷಧ ಶುರುವಾಗಿರಬಾರದು, ಡೋಸ್ ಹೆಚ್ಚಾಗಿರಬಾರದು. ಅನೇಕ ಪಾಲಿಸಿಗಳಲ್ಲಿ ಕಡಿಮೆಯೂ ಆಗಿರಬಾರದು! ವೈದ್ಯರು ಬರೆದ ಪರೀಕ್ಷೆ ಬಾಕಿ ಇದ್ದರೂ ಆಗದು. ಅದರ ಕೆಳಗೆ ಶ್ವಾಸಕೋಶಕ್ಕೇ ಅಂತ ಇನ್ನೊಂದು ಸಾಲು ಇರುತ್ತದೆ. ಆ ಅವಧಿಯಲ್ಲಿ ಮನೆಯಲ್ಲಿ ಆಕ್ಸಿಜನ್ ಬಳಸಿದ್ದರೆ ಅಥವಾ ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಶ್ವಾಸಕೋಶದ ಯಾವ ಖರ್ಚನ್ನೂ ಕೊಡುವುದಿಲ್ಲ ಅಂತ. ನಮ್ಮ ಪಾಲಿಸಿಯಲ್ಲಿ ಈ ಎರಡೂ ಇದ್ದವು.

ಈಗ ನಮ್ಮೂರಿನ ಹವೆ ನೆನೆಸಿಕೊಳ್ಳಿ. ಜೂನ್ ಬಂತೆಂದರೆ ಗೋಡೆಗೆಲ್ಲ ಬೂಸು, ಬಟ್ಟೆ ಒಣಗಿಸಲು ಒಲೆಯ ಹೊಗೆ. ಉಬ್ಬಸದವರಿಗೆ ಮಳೆಗಾಲದಲ್ಲಿ ಒಮ್ಮೆಯಾದರೂ ಎದೆ ಕಟ್ಟುತ್ತದೆ. ಡಾಕ್ಟರು ನೆಬ್ಯುಲೈಜರ್ ಕೊಟ್ಟು, ವೈಸಲೋನ್ ನಾಲ್ಕೈದು ದಿನಕ್ಕೆ ಬರೆಯುತ್ತಾರೆ. ವೈಸಲೋನ್ ಅಂದರೆ ಅದೇ ಪ್ರೆಡ್ನಿಸೊಲೋನ್. ಚಿಕಿತ್ಸೆ ಸರಿಯಾದದ್ದೇ. ಜೋರಾಗಿ ಕೆರಳಿದ ಅಸ್ತಮಾಕ್ಕೆ ಎಲ್ಲ ಕಡೆ ಕೊಡುವುದು ಅದನ್ನೇ. ಆದರೆ ಜನ ನವರಾತ್ರಿ ಮುಗಿಸಿ, ಚಳಿಗೆ ಮುಂಚೆ ತಲುಪೋಣ ಅಂತ ಹೊರಡುತ್ತಾರೆ. ಅಲ್ಲಿಂದ 180 ದಿನ ಹಿಂದಕ್ಕೆ ಎಣಿಸಿದರೆ ಯುಗಾದಿಯ ಆಚೀಚೆಗೆ ಹೋಗಿ ನಿಲ್ಲುತ್ತದೆ. ಇಡೀ ಮಳೆಗಾಲ ಒಳಗೇ ಬಂತಲ್ಲ!

ಟೊರಾಂಟೊ ಹತ್ತಿರದ ತಮ್ಮನ ಮನೆಯಲ್ಲಿ ನವೆಂಬರಿನ ಮೊದಲ ಚಳಿಗೆ ಆಯಿಗೆ ಜೋರಾಯಿತು. "ಎಂಥಾ ಆಜಿಲ್ಲೆ ತಮಾ, ಸುಮ್ನಿರು" ಅನ್ನುತ್ತಲೇ ಇದ್ದಳಂತೆ. ಆದರೆ ಆ ಮಾತೇ ಒಂದೇ ಉಸಿರಿಗೆ ಬರುತ್ತಿರಲಿಲ್ಲ. ತಮ್ಮ ಎಮರ್ಜೆನ್ಸಿಗೆ ಕರೆದುಕೊಂಡು ಓಡಿದ. ಒಂದೆರಡು ರಾತ್ರಿ ಇಟ್ಟುಕೊಂಡರು. ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ತಕರಾರಿಲ್ಲ. ಬಿಲ್ಲು ಮಾತ್ರ ಒಂದು ಎಕರೆ ಅಡಿಕೆ ತೋಟದ ವರ್ಷದ ಉತ್ಪತ್ತಿಯನ್ನೇ ಕೇಳುವಂತಿತ್ತು.

ಕ್ಲೇಮ್ ಹಾಕಿದ ಮೇಲೆ ಕಂಪನಿಯವರು ಊರಿನ ಆಸ್ಪತ್ರೆಗಳ ದಾಖಲೆಯನ್ನೆಲ್ಲ ಕೇಳಿದರು. ನಮ್ಮ ಜಿಲ್ಲೆಯ ಕಥೆ ಗೊತ್ತಲ್ಲ, ಜ್ವರಕ್ಕೆ ಶಿರಸಿ, ಎದೆಯ ಸ್ಕ್ಯಾನಿಗೆ ಹುಬ್ಬಳ್ಳಿ, ದೊಡ್ಡದಕ್ಕೆ ಮಣಿಪಾಲ. ಕಾಗದಗಳೆಲ್ಲ ಆಯಿಯ ಕಪಾಟಿನಲ್ಲಿ, ಸೀರೆ ಅಂಗಡಿಯ ಒಂದು ಕೊಟ್ಟೆಯಲ್ಲಿದ್ದವು. ಹುಡುಕಿ, ಫೋಟೋ ತೆಗೆದು ಕಳಿಸಿದ್ದು ನಾನೇ. ಅದರಲ್ಲಿ ಮೂಲೆ ಹರಿದ ಒಂದು ಚೀಟಿ, ಮೇಲೆ ತಾರೀಕು, ಕೆಳಗೆ ಡಾಕ್ಟರ ವಾರೆ ಅಕ್ಷರದಲ್ಲಿ ವೈಸಲೋನ್. ತಿರಸ್ಕಾರದ ಪತ್ರದಲ್ಲಿ ಆ ತಾರೀಕನ್ನೇ ಎತ್ತಿ ಬರೆದಿದ್ದರು. ಏಜೆಂಟರಿಗೆ ಫೋನ್ ಮಾಡಿದರೆ, "ನೀವು ಹೇಳಲಿಲ್ವಲ್ಲ ಸರ್" ಅಂತ ಉತ್ತರ.

ಇನ್ನು ಹೋಗುವವರಿಗೆ ನಾನು ಹೇಳುವುದು ಇಷ್ಟು. ವಿಮೆಗೆ ತೊಂದರೆ ಆದೀತು ಅಂತ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ದಯವಿಟ್ಟು ಬಿಡಬೇಡಿ. ಬೇಕಾದರೆ ಪ್ರಯಾಣ ಮುಂದೆ ಹಾಕಿ. ಪಂಪಿನ ಡೋಸ್ ಬದಲಿಸುವುದಿದ್ದರೂ ಹೊರಡುವ ಹೊತ್ತಿಗೆ ಬೇಡ, ಡಾಕ್ಟರ ಹತ್ತಿರ ಕೂತು ಮೊದಲೇ ಮಾತಾಡಿ. ಪ್ರೀಮಿಯಂ ಎಷ್ಟು ಅಂತ ಕೇಳುವ ಮೊದಲು ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಂಡು, ಲಂಗ್ (lung, ಶ್ವಾಸಕೋಶ) ಅನ್ನುವ ಪದ ಎಲ್ಲೆಲ್ಲಿದೆ ಹುಡುಕಿ. ಆಮೇಲೆ ಔಷಧಗಳ ಹೆಸರು, ತಾರೀಕು ಬರೆದು, "ಇವರಿಗೆ ಉಬ್ಬಸ ಬಂದರೆ ಕೊಡುತ್ತೀರಾ?" ಅಂತ ಕಂಪನಿಗೇ ಇಮೇಲ್ ಮಾಡಿ. ಫೋನಿನಲ್ಲಿ ಏಜೆಂಟ್ ಹೇಳಿದ್ದಕ್ಕೆ ಕವಡೆ ಕಿಮ್ಮತ್ತಿಲ್ಲ.

ಔಷಧ ಇಲ್ಲಿಂದಲೇ ಒಯ್ಯಿರಿ. ಸ್ವಂತ ಬಳಕೆಗೆ 90 ದಿನಕ್ಕಾಗುವಷ್ಟರವರೆಗೆ ಒಯ್ಯಲು ಕೆನಡಾ ಬಿಡುತ್ತದೆ. ಅಂಗಡಿಯ ಪ್ಯಾಕಿನಲ್ಲೇ ಇರಲಿ, ಜೊತೆಗೆ ಚೀಟಿಯೂ ಇರಲಿ. ಆ ವಿಮೆ ಇರುವುದು ತುರ್ತು ಚಿಕಿತ್ಸೆಗೆ, ದಿನಾ ತೆಗೆದುಕೊಳ್ಳುವ ಪಂಪಿಗಲ್ಲ. ಆಯಿಯ ರೋಟಾಕ್ಯಾಪ್ (ಪುಡಿ ತುಂಬಿದ, ಉಸಿರಿನಲ್ಲಿ ಎಳೆದುಕೊಳ್ಳುವ ಕ್ಯಾಪ್ಸೂಲ್) ತಮ್ಮನ ಊರಿನ ಮೆಡಿಕಲ್ಲಿನಲ್ಲಿ ಸಿಗಲಿಲ್ಲ. ಅಲ್ಲಿನ ಡಾಕ್ಟರಿಗೆ ಫೀಸು ಕೊಟ್ಟು ಬೇರೆ ಇನ್‌ಹೇಲರ್ ಬರೆಸಿಕೊಳ್ಳಬೇಕಾಯಿತು. ಹಾಗಾಗಿ ಚೀಟಿಯಲ್ಲಿ ಬ್ರ್ಯಾಂಡಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿ, ಬುಡೆಸೊನೈಡ್, ಫಾರ್ಮೊಟೆರಾಲ್ ಹೀಗೆ. ಆಸ್ಪತ್ರೆಗೆ ಸೇರಿಸಿದರೆ ವಿಮೆಯ ಸಹಾಯವಾಣಿಗೆ ಕೂಡಲೇ ಫೋನ್ ಮಾಡಬೇಕು. ತಡವಾದರೆ ಕೊಡುವ ಹಣದಲ್ಲೇ ಕಡಿತ ಮಾಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ.

ಇನ್ನೊಂದು ವಿಷಯ. ಸೂಪರ್ ವೀಸಾಕ್ಕೆ ವರ್ಷದ ಪೂರ್ತಿ ಹಣ ಒಮ್ಮೆಲೇ ಕಟ್ಟಬೇಕೆಂದಿಲ್ಲ. ಮುಂಗಡ ಕೊಟ್ಟು ಕಂತಿನಲ್ಲಿ ಕಟ್ಟುವ ಪಾಲಿಸಿಯನ್ನೂ ಒಪ್ಪುತ್ತಾರೆ. ನಾವು ಪೂರ್ತಿ ಕಟ್ಟಿದ್ದೆವು. ಆಯಿ ಬೇಗ ವಾಪಸ್ ಬಂದಳು, ಉಳಿದ ತಿಂಗಳ ಹಣವಾದರೂ ಬರಲಿ ಅಂತ ತಮ್ಮ ಅರ್ಜಿ ಹಾಕಿದ. ಒಮ್ಮೆ ಕ್ಲೇಮ್ ಹಾಕಿದ ಪಾಲಿಸಿಗೆ ವಾಪಸಾತಿ ಇಲ್ಲ, ಕ್ಲೇಮ್ ತಿರಸ್ಕಾರವಾಗಿದ್ದರೂ ಅಷ್ಟೇ ಅಂತ ಉತ್ತರ ಬಂತು. ಅದೂ ಪಾಲಿಸಿಯಲ್ಲೇ ಇತ್ತು, ವಾಪಸಾತಿಯ ಪುಟದ ಕೊನೆಯ ಸಾಲಿನಲ್ಲಿ.