ಹಳೆ ರಾಕ್, ಹೊಸ ಪ್ಲೇಟ್: ವರ್ಷಗಟ್ಟಲೆ ಕೇಳಿದ ಮೇಲೆ ಬರೆದದ್ದು

ಕ್ಲಾಸಿಕ್ ರಾಕ್ ಆಲ್ಬಮ್‌ಗಳ ಹೊಸ ವಿನೈಲ್ (ಗ್ರಾಮಫೋನ್ ಪ್ಲೇಟಿನ) ಆವೃತ್ತಿಗಳನ್ನು ಹಲವು ವರ್ಷಗಳಿಂದ ಕೊಳ್ಳುತ್ತಾ ಬಂದಿದ್ದೇನೆ. ಪ್ಯಾಕೆಟ್ ಬಿಚ್ಚಿದ ವಾರ ಬರೆಯುವ ವಿಮರ್ಶೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಅದೇ ಪ್ಲೇಟನ್ನು ಮತ್ತೆ ಮತ್ತೆ ಹಾಕಿ, ನಡುವೆ ಸೂಜಿ ಬದಲಾಯಿಸಿ, ಕೆಲವನ್ನು ಮಾರಿ, ಕೆಲವನ್ನು ಉಳಿಸಿಕೊಂಡ ಮೇಲೆ ಲೆಕ್ಕ ಬೇರೆಯಾಗುತ್ತದೆ. ಈಗ ನಾನು ಹೊಸ ಆವೃತ್ತಿ ಬಂತು ಎಂದರೆ ಮೊದಲು ಕೇಳುವುದು ಇಷ್ಟೇ: ಯಾವ ಟೇಪಿನಿಂದ ಮಾಡಿದ್ದಾರೆ? ಕಟ್ ಮಾಡಿದವರು, ಅಂದರೆ ಟೇಪಿನ ಸದ್ದನ್ನು ಗೆರೆಗಳಾಗಿ ಕೊರೆದವರು ಯಾರು? ಕವರಿನ ಮೇಲೆ ಅಂಟಿಸಿದ ಸ್ಟಿಕ್ಕರ್ ಓದುವುದನ್ನು ಬಿಟ್ಟು ಬಹಳ ಕಾಲವಾಯಿತು.

ಸ್ಟಿಕ್ಕರಿನಲ್ಲಿ ಸಾಮಾನ್ಯವಾಗಿ ಇರುವುದು '180 ಗ್ರಾಂ' ಎಂಬ ಮಾತು. ಮಾಮೂಲಿ ಎಲ್‌ಪಿ (ಪೂರ್ತಿ ಆಲ್ಬಮ್ ಹಿಡಿಯುವ ದೊಡ್ಡ ಪ್ಲೇಟ್) 120ರಿಂದ 140 ಗ್ರಾಂ ತೂಗುತ್ತದೆ. ದಪ್ಪ ಪ್ಲೇಟ್ ಕೈಯಲ್ಲಿ ಹಿಡಿದರೆ ಗಟ್ಟಿ ಅನ್ನಿಸುತ್ತದೆ, ನಿಜ. ಆದರೆ ಸೂಜಿ ಓಡುವ ಗೆರೆಯ ಆಳ, ಅಗಲ ಎರಡು ಬಗೆಯ ಪ್ಲೇಟಿನಲ್ಲೂ ಒಂದೇ. ತೂಕ ಹೆಚ್ಚಿದ ಮಾತ್ರಕ್ಕೆ ಸದ್ದು ಚೆನ್ನಾಗುವುದಿಲ್ಲ. ನನ್ನ ಹತ್ತಿರ ಇರುವ ಎಪ್ಪತ್ತರ ದಶಕದ ತೆಳು ಪ್ಲೇಟುಗಳಲ್ಲಿ ಕೆಲವು ಈಗಲೂ ತಟ್ಟೆಯಷ್ಟು ಸಪಾಟಾಗಿವೆ. ದಪ್ಪ ಪ್ಲೇಟುಗಳಲ್ಲಿ ಕೆಲವು ಪ್ಯಾಕೆಟಿನಿಂದ ಬರುವಾಗಲೇ ಬಾಗಿದ್ದವು.

ಟೇಪಿನ ವಿಷಯಕ್ಕೆ ಬರೋಣ. ಇಲ್ಲಿ ಹೇಳುವುದು ಜಾಸ್ತಿ ಇದೆ.

ಬೀಟಲ್ಸ್ ಆಲ್ಬಮ್‌ಗಳನ್ನೇ ನೋಡಿ. 2012ರಲ್ಲಿ ಅವರ, ಎಡ ಬಲ ಸ್ಪೀಕರುಗಳಿಗೆ ಸದ್ದು ಹಂಚುವ ಸ್ಟೀರಿಯೋ ಆಲ್ಬಮ್‌ಗಳು ವಿನೈಲ್‌ನಲ್ಲಿ ಮತ್ತೆ ಬಂದವು. ಅವನ್ನು ಡಿಜಿಟಲ್ ಫೈಲುಗಳಿಂದ ಕಟ್ ಮಾಡಿದ್ದರು. ಎರಡು ವರ್ಷದ ನಂತರ, 2014ರಲ್ಲಿ, ಎಲ್ಲ ಸದ್ದೂ ಒಂದೇ ವಾಹಿನಿಯಲ್ಲಿ ಬರುವ ಮೋನೋ ಆಲ್ಬಮ್‌ಗಳು ಬಂದವು. ಅವನ್ನು ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಎಂಜಿನಿಯರುಗಳಾದ ಶಾನ್ ಮಗೀ ಮತ್ತು ಸ್ಟೀವ್ ಬರ್ಕೊವಿಟ್ಜ್ ಸೇರಿ ಹಳೆಯ ಅನಲಾಗ್ ಟೇಪಿನಿಂದಲೇ ನೇರವಾಗಿ ಕಟ್ ಮಾಡಿದರು. ಎರಡನ್ನೂ ಇಟ್ಟುಕೊಂಡು ಬಹಳ ಕಾಲ ಕೇಳಿದ್ದೇನೆ. ಮೋನೋ ಪ್ಲೇಟುಗಳು ಹೋಗುತ್ತಾ ಹೋಗುತ್ತಾ ಹೆಚ್ಚು ಇಷ್ಟವಾದವು. ಅದಕ್ಕೆ ಅನಲಾಗ್ ಟೇಪ್ ಒಂದೇ ಕಾರಣವಲ್ಲ. 'ಸಾರ್ಜೆಂಟ್ ಪೆಪ್ಪರ್' ಕಾಲಕ್ಕೆ ಬ್ಯಾಂಡಿನವರು ಕೂತು ಮಿಕ್ಸ್ (ಹಾಡಿನ ಬೇರೆ ಬೇರೆ ಸದ್ದುಗಳ ಹದ) ಮಾಡಿಸಿದ್ದು ಮೋನೋವನ್ನು. ಸ್ಟೀರಿಯೋ ಆಮೇಲೆ ಬೇಗಬೇಗ ಮುಗಿಸಿದ ಕೆಲಸ. ಡ್ರಮ್ ಒಂದು ಕಡೆ, ಹಾಡುವವನು ಇನ್ನೊಂದು ಕಡೆ ನಿಂತಿರುವಂಥ ಆ ಕಾಲದ ಸ್ಟೀರಿಯೋಗಿಂತ ಮೋನೋದಲ್ಲಿ ಹಾಡು ಒಟ್ಟಾಗಿ ಮೈಮೇಲೆ ಬರುತ್ತದೆ.

ಹಾಗಂತ 'ಅನಲಾಗ್ ಆದರೆ ಮಾತ್ರ ಒಳ್ಳೆಯದು' ಎಂದು ಹಟ ಹಿಡಿಯುವವರ ಜೊತೆ ನಾನಿಲ್ಲ. 2022ರಲ್ಲಿ ನಡೆದದ್ದು ನೆನಪಿದೆಯಲ್ವಾ? ದುಬಾರಿ ಆವೃತ್ತಿಗಳಿಗೆ ಹೆಸರಾದ ಮೊಬೈಲ್ ಫಿಡೆಲಿಟಿ ಕಂಪನಿ ಎಷ್ಟೋ ವರ್ಷಗಳಿಂದ ನಡುವೆ ಒಂದು ಡಿಜಿಟಲ್ ಹಂತ ಇಟ್ಟುಕೊಂಡೇ ಪ್ಲೇಟ್ ಮಾಡುತ್ತಿತ್ತು ಎಂದು ಆಗ ಹೊರಬಂತು. ಕೊಂಡವರು ಅದನ್ನು ಪೂರ್ತಿ ಅನಲಾಗ್ ಎಂದೇ ನಂಬಿದ್ದರು. ಗಲಾಟೆ ಕೋರ್ಟಿನವರೆಗೂ ಹೋಯಿತು. ಗ್ರಾಹಕರಿಗೆ ಸತ್ಯ ಹೇಳಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಮ್ಮ ಕಿವಿಗೆ ಡಿಜಿಟಲ್ ಸದ್ದು ತಕ್ಷಣ ಗೊತ್ತಾಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದವರೂ ಅದೇ ಪ್ಲೇಟುಗಳನ್ನು ಅಷ್ಟು ವರ್ಷ ಹೊಗಳಿದ್ದರು. ಆಗ ನನಗೆ ಸ್ವಲ್ಪ ನಗು ಬಂದದ್ದು ಸುಳ್ಳಲ್ಲ.

ಡೈರ್ ಸ್ಟ್ರೇಟ್ಸ್‌ನ 1985ರ 'ಬ್ರದರ್ಸ್ ಇನ್ ಆರ್ಮ್ಸ್' ಅಂತೂ ಡಿಜಿಟಲ್ ಯಂತ್ರದಲ್ಲೇ ರೆಕಾರ್ಡ್ ಆದದ್ದು. ಅದಕ್ಕೆ ಅನಲಾಗ್ ಮೂಲ ಹುಡುಕುವುದರಲ್ಲಿ ಅರ್ಥವಿಲ್ಲ. ಆದರೂ ಹೊಸ ಆವೃತ್ತಿ ಕೊಳ್ಳಲು ಒಳ್ಳೆಯ ಕಾರಣವಿದೆ. ಆಗಿನ ಎಲ್‌ಪಿಯಲ್ಲಿ ಜಾಗ ಸಾಲದೆ ಕೆಲವು ಹಾಡುಗಳನ್ನು ಮೊಟಕು ಮಾಡಿದ್ದರು. ಪೂರ್ತಿ ಉದ್ದದ ಹಾಡುಗಳು ಸಿಡಿ, ಕ್ಯಾಸೆಟ್ಟುಗಳಲ್ಲಿ ಇದ್ದವು. ಎರಡು ಪ್ಲೇಟಿನ ಹೊಸ ಆವೃತ್ತಿಯಲ್ಲಿ ಆ ಪೂರ್ತಿ ಹಾಡುಗಳು ಬಂದಿವೆ. ಒಂದು ಸೈಡಿಗೆ ಕೆಲವೇ ಹಾಡು, ಗೆರೆಗಳ ನಡುವೆ ಧಾರಾಳ ಜಾಗ. ನನ್ನ ಸಂಗ್ರಹದಲ್ಲಿ ಹಳೆಯದಕ್ಕಿಂತ ಹೊಸದೇ ಮೇಲು ಎಂದು ಕಣ್ಣುಮುಚ್ಚಿ ಹೇಳುವಂಥ ಆಲ್ಬಮ್ ಇದು.

ಇದೇ ಸಾಲಿಗೆ ಜೆತ್ರೋ ಟಲ್‌ನ 'ಆಕ್ವಾಲಂಗ್' ಸೇರುತ್ತದೆ. 1971ರ ಈ ಆಲ್ಬಮ್ ಹಾಡುಗಳ ಮಟ್ಟಿಗೆ ಅದ್ಭುತ, ಆದರೆ ಸದ್ದು ಮಂಕು ಎಂಬ ದೂರು ಮೊದಲಿನಿಂದಲೂ ಇತ್ತು. ಸಂಗೀತಗಾರ ಸ್ಟೀವನ್ ವಿಲ್ಸನ್ ಬೇರೆಬೇರೆಯಾಗಿ ರೆಕಾರ್ಡ್ ಆಗಿದ್ದ ಮೂಲ ಟ್ರ್ಯಾಕುಗಳನ್ನು ತೆಗೆದುಕೊಂಡು ಮತ್ತೆ ಮಿಕ್ಸ್ ಮಾಡಿದರು. ಅಲ್ಲಿಯವರೆಗೆ ಕಂಬಳಿ ಹೊದ್ದು ಕೂತಿದ್ದ ಗಿಟಾರ್ ಎದ್ದು ಹೊರಗೆ ಬಂದಂತಾಯಿತು. ಬೀಟಲ್ಸ್‌ನ 'ರಿವಾಲ್ವರ್' 2022ರಲ್ಲಿ ಬಂದಾಗ ಇನ್ನೂ ಮುಂದೆ ಹೋದರು. 1966ರಲ್ಲಿ ನಾಲ್ಕೇ ಟ್ರ್ಯಾಕಿನ ಟೇಪ್. ಡ್ರಮ್, ಬೇಸ್, ಗಿಟಾರ್ ಒಂದೇ ಟ್ರ್ಯಾಕಿನಲ್ಲಿ ಸೇರಿಕೊಂಡಿದ್ದರೆ ಬಿಡಿಸಲು ದಾರಿಯೇ ಇರಲಿಲ್ಲ. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ತಂತ್ರಜ್ಞಾನದಿಂದ ಅವನ್ನು ಬೇರೆ ಮಾಡಿ, ನಿರ್ಮಾಪಕ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದರು. ಕೇಳಲು ಸೊಗಸಾಗಿದೆ. ಆದರೆ ನಾನು ಹೆಚ್ಚಾಗಿ ಹಾಕುವುದು ಮೋನೋವನ್ನೇ. ರೀಮಿಕ್ಸ್ ಎಂದರೆ ಬೇರೆಯೇ ಒಂದು ಪ್ಲೇಟ್ ಎಂದು ತಿಳಿದು ಕೊಳ್ಳಿ. ಹಳೆಯದರ ಜಾಗಕ್ಕೆ ಅದನ್ನು ಇಡಲು ಹೋದರೆ ಬೇಸರವಾಗುತ್ತದೆ.

ಇನ್ನು ಎಲ್ಲ ಎಲ್‌ಪಿಗಳಿಗೂ ಹುಟ್ಟಿನಿಂದಲೇ ಇರುವ ಒಂದು ತೊಂದರೆ. ಪ್ಲೇಟ್ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ನಡುವಿನ ಲೇಬಲ್ ಹತ್ತಿರ ಅದು ಸುಮಾರು 20ಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹಾಗಾಗಿ ಪ್ರತಿ ಸೈಡಿನ ಕೊನೆಯ ಹಾಡಿನಲ್ಲಿ 'ಸ', 'ಶ' ಅಕ್ಷರಗಳು ಉಗುಳಿದಂತೆ ಕೇಳುತ್ತವೆ, ಡ್ರಮ್ ಜೊತೆಗಿನ ತಾಳದ (ಸಿಂಬಲ್) ಸದ್ದು ಹರಿದಂತಾಗುತ್ತದೆ.

ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಈ ವಿಷಯದಲ್ಲಿ ಕಠಿಣ ಪರೀಕ್ಷೆ. ಶುರುವಾಗುವುದು ತೀರಾ ಮೆಲ್ಲಗಿನ ಎದೆಬಡಿತದಿಂದ, ಅಲ್ಲಿ ಪ್ಲೇಟಿನ ಒಂದು ಚಿಟಿಕೆ ಸದ್ದೂ ಎದ್ದು ಕಾಣುತ್ತದೆ. ಎಲ್ಲರೂ ಸೇರಿ ಜೋರಾಗಿ ಹಾಡುವುದು ಕೊನೆಯ ಎದೆಬಡಿತಕ್ಕೆ ಸ್ವಲ್ಪ ಮುಂಚೆ, ಅದೂ ಸರಿಯಾಗಿ ಲೇಬಲ್ ಪಕ್ಕದಲ್ಲೇ. ಬರ್ನಿ ಗ್ರಂಡ್‌ಮನ್ ಎಂಬ ಹೆಸರಾಂತ ಎಂಜಿನಿಯರ್ ಕೈಯಾಡಿದ 2016ರ ಆವೃತ್ತಿ ನನ್ನ ಬಳಿ ಇದೆ. ಶುರು ಮತ್ತು ಕೊನೆ ಎರಡನ್ನೂ ಅದು ಮರ್ಯಾದೆಯಿಂದ ದಾಟುತ್ತದೆ. ಪೋಸ್ಟರುಗಳನ್ನೂ ಹಳೆಯ ಕ್ರಮದಲ್ಲೇ ಒಳಗಿಟ್ಟಿದ್ದಾರೆ.

ಒಳಗೆರೆಯ ತೊಂದರೆಗೆ ಇನ್ನೊಂದು ಉಪಾಯ 45 ಆರ್‌ಪಿಎಂ. ಒಂದು ಆಲ್ಬಮ್ಮನ್ನು ಎರಡು ಪ್ಲೇಟಿಗೆ ಹಂಚಿ ವೇಗವನ್ನು ನಿಮಿಷಕ್ಕೆ 45 ಸುತ್ತಿಗೆ ಹೆಚ್ಚಿಸುತ್ತಾರೆ. ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್' ಆಲ್ಬಮ್ಮಿಗೆ ಸ್ಟೀವ್ ಹಾಫ್‌ಮನ್ ಮತ್ತು ಕೆವಿನ್ ಗ್ರೇ ಎಂಬ ಎಂಜಿನಿಯರುಗಳು ಮಾಡಿದ ಅಂಥ ಆವೃತ್ತಿ ಇದೆ. ಡ್ರಮ್ಮಿನ ಪೆಟ್ಟು ಬೀಳುವ ರೀತಿಯೇ ಬೇರೆ. ಆದರೆ ನಿಜ ಹೇಳಬೇಕೆಂದರೆ ಎರಡು ಮೂರು ಹಾಡಿಗೊಮ್ಮೆ ಏಳಬೇಕು. ಓದುತ್ತಾ, ಅಡುಗೆ ಮಾಡುತ್ತಾ ಕೇಳುವವರಿಗೆ ಇದು ಸರಿಹೋಗಲ್ಲ.

ಒಳ್ಳೆಯ ಟೇಪ್, ಒಳ್ಳೆಯ ಕೈ ಎರಡೂ ಇದ್ದು, ಒತ್ತುವ ಕಾರ್ಖಾನೆಯಲ್ಲಿ ಕೆಡುವುದೂ ಉಂಟು. ಬೇಡಿಕೆ ಏರಿತು. ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಹೆಚ್ಚು ಎಲ್‌ಪಿ ಮಾರಾಟವಾದವು, 1987ರ ನಂತರ ಅದೇ ಮೊದಲು. ಆದರೆ ಕಾರ್ಖಾನೆಗಳು ಅಷ್ಟು ಬೇಗ ಹೆಚ್ಚಲಿಲ್ಲ. ಅದಕ್ಕೆ ಮೊದಲೇ, 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಬೆಂಕಿಗೆ ಆಹುತಿಯಾಗಿತ್ತು. ಗೆರೆ ಕೊರೆಯುವ ಲ್ಯಾಕರ್ ಡಿಸ್ಕುಗಳನ್ನು ಮಾಡುತ್ತಿದ್ದದ್ದು ಅದು ಮತ್ತು ಜಪಾನಿನ ಒಂದು ಕಂಪನಿ, ಅಷ್ಟೇ.

ಈ ಅವಸರದ ಫಲ ನನಗೂ ಸಿಕ್ಕಿದೆ. ಒಂದು ದೊಡ್ಡ ಕಂಪನಿಯ ಆಲ್ಬಮ್ಮಿನಲ್ಲಿ ನಡುವಿನ ತೂತು ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಗಿಟಾರಿನಲ್ಲಿ ಅಷ್ಟು ಗೊತ್ತಾಗಲ್ಲ. ಪಿಯಾನೋ ಎಳೆದ ಸ್ವರ ಹಿಡಿದಾಗ ಮಾತ್ರ ಸ್ವರ ಓಲಾಡುವುದು ಕೇಳಿ ತಲೆ ಕೆಡುತ್ತದೆ. ಬದಲಿಗೆ ಕಳಿಸಿದ್ದರಲ್ಲಿ ಬೇರೆ ಕಾಯಿಲೆ. ವಿನೈಲ್ ಗೆರೆಯೊಳಗೆ ಪೂರ್ತಿ ತುಂಬಿಕೊಂಡಿರಲಿಲ್ಲ, ಒಂದು ಕಡೆ ಬಟ್ಟೆ ಹರಿಯುವಂಥ ಸದ್ದು. ತೊಳೆದರೂ ಹೋಗಲ್ಲ, ಸೂಜಿ ಬದಲಿಸಿದರೂ ಹೋಗಲ್ಲ. ಕೊನೆಗೆ ದುಡ್ಡು ವಾಪಸ್ ಪಡೆದೆ. ಹಾಗಾಗಿ ಹೊಸ ಪ್ಲೇಟ್ ಬಂದ ದಿನವೇ ಎರಡೂ ಸೈಡ್ ಕೊನೆಯವರೆಗೆ ಕೇಳಿಬಿಡಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಯಾರೂ ಮಾತು ಕೇಳಲ್ಲ.

ಬಣ್ಣದ ಪ್ಲೇಟುಗಳ ಬಗ್ಗೆ ಈಗ ನನಗೆ ಮೊದಲಿನಷ್ಟು ಸಿಟ್ಟಿಲ್ಲ. ಚೆನ್ನಾಗಿ ಒತ್ತಿದ್ದರೆ ಕಪ್ಪಿಗೂ ಅದಕ್ಕೂ ವ್ಯತ್ಯಾಸ ತಿಳಿಯಲ್ಲ. ಚಿತ್ರ ಅಚ್ಚಾದ ಪಿಕ್ಚರ್ ಡಿಸ್ಕ್ ಮಾತ್ರ ಗೋಡೆಗೆ ತೂಗುಹಾಕಲು ಸರಿ. ಸುಮ್ನೆ ಸರಸರ ಅನ್ನುತ್ತಲೇ ಇರುತ್ತದೆ. ಅಂದ ಹಾಗೆ, ದ ಹೂ ಬ್ಯಾಂಡಿನ 1970ರ 'ಲೈವ್ ಅಟ್ ಲೀಡ್ಸ್' ಮೊದಲ ಪ್ಲೇಟಿನ ಲೇಬಲ್ಲಿನಲ್ಲೇ ಚಟಪಟ ಸದ್ದು ಸರಿಯಾಗಿಯೇ ಇದೆ, ತಿದ್ದಬೇಡಿ ಎಂದು ಬರೆದಿದ್ದರು. ಈಗಿನ ಕೆಲವು ಕಾರ್ಖಾನೆಗಳೂ ಹಾಗೊಂದು ಚೀಟಿ ಅಂಟಿಸಿದರೆ ನಮ್ಮ ಪತ್ರವ್ಯವಹಾರ ಉಳಿಯುತ್ತಿತ್ತು.

ಬಾಳಿಕೆ ಹೇಗೆ ಅಂತ ಕೇಳಿದರೆ, ಪ್ಲೇಟ್ ಸವೆಯುವುದು ನಾವು ಹೆದರುವಷ್ಟಿಲ್ಲ. ನಾನು ಅತಿ ಹೆಚ್ಚು ಹಾಕಿದ ಪ್ಲೇಟುಗಳೂ ಈಗಲೂ ಶುದ್ಧವಾಗಿವೆ. ಹಾಳುಮಾಡುವುದು ಧೂಳು ಮತ್ತು ಸವೆದ ಸೂಜಿ. ದೀರ್ಘವೃತ್ತಾಕಾರದ ಸಾಮಾನ್ಯ ಸೂಜಿಗೆ 300ರಿಂದ 500 ಗಂಟೆ, ಇನ್ನೂ ಸೂಕ್ಷ್ಮವಾದ ಮೈಕ್ರೋಲೈನ್ ಥರದ್ದಕ್ಕೆ ಸುಮಾರು 1000 ಗಂಟೆ ಆಯಸ್ಸು. ಹೊಸ ಪ್ಲೇಟಿನ ಜೊತೆ ಬರುವ ಒರಟು ಕಾಗದದ ಒಳಚೀಲ ತೆಗೆದು ನುಣುಪಾದದ್ದು ಹಾಕಿ. ಎಷ್ಟೋ ಹೊಸ ಪ್ಲೇಟುಗಳ ಮೇಲಿನ ಸಣ್ಣ ಗೀರುಗಳು ಆ ಕಾಗದದ ಕೃಪೆ.

ಕವರುಗಳಲ್ಲಿ ಒಳ್ಳೆಯ ಕೆಲಸ ಆಗಿದೆ. 'ಲೆಡ್ ಝೆಪ್ಲಿನ್ 3'ರ ತಿರುಗುವ ಚಕ್ರ, 'ಫಿಸಿಕಲ್ ಗ್ರಾಫಿಟಿ'ಯ ಕತ್ತರಿಸಿದ ಕಿಟಕಿಗಳು ಹೊಸ ಆವೃತ್ತಿಯಲ್ಲೂ ಹಾಗೇ ಇವೆ. ಸಿಡಿಯಲ್ಲಿ ಇವು ಆಟಿಕೆಯಂತೆ ಕಾಣುತ್ತಿದ್ದವು. ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್' ಕವರಿನಲ್ಲಿ ನಿಜವಾದ ಜಿಪ್ ಇರುವ ಪ್ರತಿ ನಿಮ್ಮಲ್ಲಿದ್ದರೆ ಅದನ್ನು ಬೇರೆ ಪ್ಲೇಟುಗಳ ಜೊತೆ ಒತ್ತಿ ಇಡಬೇಡಿ. 1971ರಲ್ಲಿ ಆ ಜಿಪ್ ತಾಗಿ ಪಕ್ಕದ ಪ್ಲೇಟುಗಳು ಹಾಳಾಗಿದ್ದವು.

ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ ಮೇಲ್ವಿಚಾರಣೆಯಲ್ಲಿ 2014ರಿಂದ ಬಂದ ಆ ಝೆಪ್ಲಿನ್ ಸಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಲೇಟುಗಳಿದ್ದವು. ಆಲ್ಬಮ್ ಮಾತ್ರ ಇರುವುದು ಒಂದು, ಜೊತೆಗೆ ಹೆಚ್ಚುವರಿ ಪ್ಲೇಟ್ ಇರುವುದು ಇನ್ನೊಂದು. ನಾನು ಹೆಚ್ಚುವರಿ ಇರುವುದನ್ನೇ ಕೊಂಡೆ. ಅದರಲ್ಲಿ ಅರೆಬರೆ ಮಿಕ್ಸುಗಳು, ಹಾಡುವವರ ದನಿ ಇಲ್ಲದ ಟ್ರ್ಯಾಕುಗಳು ಇವೆ. ಮೊದಲ ಸಲ ಕುತೂಹಲದಿಂದ ಕೇಳುತ್ತೇವೆ, ಆಮೇಲೆ ಕೈ ಹೋಗುವುದು ಮೂಲ ಆಲ್ಬಮ್ಮಿಗೇ. ಹಾಡು ಹುಟ್ಟಿದ ಬಗೆ ತಿಳಿಯುವ ಆಸಕ್ತಿ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಒಂಟಿ ಪ್ಲೇಟ್ ಸಾಕು, ಉಳಿದ ದುಡ್ಡಿನಲ್ಲಿ ಒಳ್ಳೆಯ ಸೂಜಿ ಬರುತ್ತದೆ.